ಇಲ್ಲದ ಕೌನ್ಸಿಲ್‌ನ ನಂಬರು

ಬ್ರಿಟನ್ನಿನಲ್ಲಿ ನನ್ನ ವೃತ್ತಿ ಮುಂದುವರಿಸಲು ತುಂಬಬೇಕಿದ್ದ ನೋಂದಣಿ ಅರ್ಜಿಯಲ್ಲಿದ್ದ ಪ್ರಶ್ನೆ ಸರಳವಾಗಿತ್ತು. ನಿಮ್ಮ ವೃತ್ತಿಗೆ ನಿಮ್ಮ ದೇಶದಲ್ಲಿ ಕಾನೂನಿನ ನೋಂದಣಿ ಇದೆಯಾ? ಇದ್ದರೆ ಆ ಸಂಸ್ಥೆಯ ಹೆಸರು, ನಿಮ್ಮ ನಂಬರು ಬರೆಯಿರಿ. ನಾನು ಕರ್ಸರನ್ನು ಅಲ್ಲೇ ಬಿಟ್ಟು ಕಾಫಿ ಮಾಡಲು ಎದ್ದೆ. ಲೋಟ ಹಿಡಿದು ವಾಪಸ್ ಬಂದಾಗಲೂ ಅದು ಖಾಲಿ ಜಾಗದಲ್ಲಿ ಮಿಣಮಿಣ ಅನ್ನುತ್ತಲೇ ಇತ್ತು.

2022ರ ಜೂನ್ ತಿಂಗಳು. ನಾನು ಹಾಸನದಲ್ಲಿ ಅಮ್ಮನ ಮನೆಯಲ್ಲಿದ್ದೆ. ನನ್ನ ಗಂಡ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ನಾನೂ ಹೊರಡಬೇಕಿತ್ತು. ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಏಳು ವರ್ಷ ದುಡಿದಿದ್ದೆ. ಮೊದಲು ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಮಕ್ಕಳ ಥೆರಪಿ ಸೆಂಟರೊಂದರಲ್ಲಿ. ಈ ಏಳು ವರ್ಷದಲ್ಲಿ ಒಬ್ಬರೇ ಒಬ್ಬರು ನನ್ನ ಲೈಸೆನ್ಸ್ ಕೇಳಿರಲಿಲ್ಲ. ಕೇಳಿದ್ದರೂ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಈ ಕೆಲಸ ಏನು ಅಂತಲೇ ಜನರಿಗೆ ಗೊತ್ತಿಲ್ಲ, ಇನ್ನು ಲೈಸೆನ್ಸ್ ಎಲ್ಲಿಂದ ಕೇಳುತ್ತಾರೆ ಹೇಳಿ. ನಾವು ಚುಟುಕಾಗಿ ಓಟಿ ಅನ್ನುತ್ತೇವೆ, ಆಸ್ಪತ್ರೆಯಲ್ಲಿ ಓಟಿ ಅಂದರೆ ಆಪರೇಷನ್ ಥಿಯೇಟರ್. ಮದುವೆ ಮನೆಯಲ್ಲಿ ಚಿಕ್ಕಮ್ಮ ಪ್ರತಿ ಸಲ ಕೇಳುತ್ತಾರೆ, "ಅಂದ್ರೆ ಫಿಸಿಯೋನೇ ಅಲ್ವೇನೇ?" ಹೆಸರಿನಲ್ಲಿ ಆಕ್ಯುಪೇಷನ್ ಇರುವುದರಿಂದ ಒಬ್ಬರು ತಮ್ಮ ಮಗನಿಗೆ ಕೆಲಸ ಕೊಡಿಸಲು ಆಗುತ್ತಾ ಅಂತಲೂ ಕೇಳಿದ್ದರು. ಲಕ್ವ ಹೊಡೆದವರು ಮತ್ತೆ ತಾವೇ ಸ್ನಾನ ಮಾಡುವುದು, ಗುಂಡಿ ಹಾಕಿಕೊಳ್ಳುವುದು, ಉಣ್ಣುವುದು. ಪೆನ್ಸಿಲ್ ಹಿಡಿಯಲಾಗದ ಮಗು ಹಿಡಿಯುವುದು. ದಿನ ಬೆಳಗಾದರೆ ಮಾಡುವ ಕೆಲಸಗಳನ್ನು ಮತ್ತೆ ಕೈಗೆ ತರುವುದು ನಮ್ಮ ಕಸುಬು.

ಹಾಗಂತ ಭಾರತಕ್ಕೆ ಇದು ಹೊಸದಲ್ಲ. 1950ರಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದನ್ನು ಕಲಿಸುವ ಶಾಲೆ ಶುರುವಾಗಿತ್ತು. ಶುರು ಮಾಡಿದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. 1952ರಲ್ಲಿ ಜಗತ್ತಿನ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಒಕ್ಕೂಟ ಹುಟ್ಟಿದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಅದೇ ವರ್ಷ ನಮ್ಮ ಅಖಿಲ ಭಾರತ ಸಂಘವೂ ಹುಟ್ಟಿತು. ನಾವೆಲ್ಲ ಅದನ್ನು ಎಐಓಟಿಎ ಅನ್ನುತ್ತೇವೆ. ಆದರೆ ಅದು ಸಂಘ. ಸೇರಿದರೆ ಸೇರಬಹುದು, ಬಿಟ್ಟರೆ ಬಿಡಬಹುದು. ಕಾನೂನಿನ ಕೌನ್ಸಿಲ್ ಇದ್ದದ್ದು ದೆಹಲಿ, ಮಹಾರಾಷ್ಟ್ರದಂಥ ಕಡೆ. ಕರ್ನಾಟಕದಲ್ಲಿ ಇರಲಿಲ್ಲ. ಇಡೀ ದೇಶಕ್ಕೆ ಒಂದು ಕಾಯ್ದೆ ಬಂದದ್ದು 2021ರ ಮಾರ್ಚ್‌ನಲ್ಲಿ. ನಾನು ಅರ್ಜಿ ತುಂಬುವ ಹೊತ್ತಿಗೆ ಕಾಯ್ದೆ ಇತ್ತು. ಹಾಸನದ ಹುಡುಗಿಗೆ ನಂಬರು ಕೊಡುವ ಕಿಟಕಿ ಇನ್ನೂ ತೆರೆದಿರಲಿಲ್ಲ.

ಬ್ರಿಟನ್ನಿನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ ಅಂತ ಇದೆ, ಎಲ್ಲರೂ ಎಚ್‌ಸಿಪಿಸಿ ಅನ್ನುತ್ತಾರೆ. ಫಿಸಿಯೋಥೆರಪಿ, ರೇಡಿಯೋಗ್ರಫಿ, ಪ್ಯಾರಾಮೆಡಿಕ್, ಡಯಟೀಷಿಯನ್ ಹೀಗೆ 15 ವೃತ್ತಿಗಳ ಪಟ್ಟಿಯನ್ನು ಅದು ಇಟ್ಟುಕೊಂಡಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರು ತಮ್ಮನ್ನು ಆಕ್ಯುಪೇಷನಲ್ ಥೆರಪಿಸ್ಟ್ ಅಂತ ಕರೆದುಕೊಂಡರೆ ಅದು ಅಪರಾಧ. ಡಿಗ್ರಿ ಇರಲಿ, ಇಪ್ಪತ್ತು ವರ್ಷದ ಅನುಭವ ಇರಲಿ, ಲೆಕ್ಕಕ್ಕಿಲ್ಲ.

ಖಾಲಿ ಜಾಗಕ್ಕೆ ಎಐಓಟಿಎ ನಂಬರು ಹಾಕಿಬಿಡೋಣ ಅಂದುಕೊಂಡೆ. ಆಗಲೇ ಅಲ್ಲಿಗೆ ಹೋಗಿ ನೆಲೆಸಿದ್ದ ನನ್ನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆ. "ಬೇಡ ಮಾರಾಯ್ತಿ," ಅಂದರು. "ರೆಗ್ಯುಲೇಟರ್ ಅಂತ ಹಾಕಿದ್ರೆ ಇವರು ಅಲ್ಲಿಗೇ ಕಾಗದ ಬರೀತಾರೆ. ಅವರು ನಾವು ಬರೀ ಸಂಘ ಅಂತಾರೆ. ನಿನ್ನ ಅರ್ಜಿ ಮಧ್ಯದಲ್ಲಿ ನೇತಾಡುತ್ತೆ. ಇಲ್ಲ ಅಂದ್ರೆ ಇಲ್ಲ ಅನ್ನು. ಸಂಘದ ಪತ್ರ ಬೇಕಾದ್ರೆ ಜೊತೆಗೆ ಇಡು." ಹಾಗೇ ಮಾಡಿದೆ. ಏಳು ವರ್ಷದ ಕೆಲಸಕ್ಕೆ ಇಲ್ಲ ಅನ್ನುವ ಗುಂಡಿ ಒತ್ತುವಾಗ ಸ್ವಲ್ಪ ಕಸಿವಿಸಿಯಾಯಿತು. ಅದು ನಿಜವಾದ ಉತ್ತರ, ಏನು ಮಾಡುವುದು?

ಮುಂದಿನ ತೊಡಕು ನನ್ನ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಹೆಚ್.ಎಸ್. ಅಂತ ಎರಡು ಇನಿಷಿಯಲ್. ಹೆಚ್ ಅಂದರೆ ಹೊಳೆನರಸೀಪುರ, ಎಸ್ ಅಂದರೆ ನಮ್ಮಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ನಡೆಯುವುದಿಲ್ಲ ಅಂತ ಎರಡನ್ನೂ ಬಿಡಿಸಿ ಸರ್‌ನೇಮ್ ಜಾಗದಲ್ಲಿ ಹಾಕಿದ್ದರು. ಹಾಗಾಗಿ ಪಾಸ್‌ಪೋರ್ಟಿನಲ್ಲಿ ನನ್ನ ಮನೆತನದ ಹೆಸರು ಒಂದು ತಾಲ್ಲೂಕು ಕೇಂದ್ರ. ಕೆಲಸದ ಅನುಭವ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಒಂದರಲ್ಲಿ ಗಂಡನ ಹೆಸರು ಬೇರೆ ಅಂಟಿಕೊಂಡಿತ್ತು. ನಾಲ್ಕು ಕಾಗದ ಜೋಡಿಸಿಟ್ಟರೆ ನಾಲ್ಕು ಜನ ಹೆಂಗಸರು.

ಹಾಸನದ ಕೋರ್ಟ್ ಹತ್ತಿರ ಮರದ ಕೆಳಗೆ ಟೇಬಲ್ ಹಾಕಿಕೊಂಡಿದ್ದ ನೋಟರಿ ಇದನ್ನು ನೋಡಿ ಒಂದು ಚೂರೂ ಆಶ್ಚರ್ಯಪಡಲಿಲ್ಲ. "ಎಲ್ರುದೂ ಇದೇ ಕಣಮ್ಮ," ಅಂದರು. ಇ-ಸ್ಟ್ಯಾಂಪ್ ಪೇಪರಿನಲ್ಲಿ ಅಫಿಡವಿಟ್ ರೆಡಿಯಾಯಿತು. ಮೇಲೆ ಹೇಳಿದ ನಾಲ್ಕೂ ಹೆಸರು ಒಬ್ಬಳೇ ವ್ಯಕ್ತಿಯವು ಅಂತ ನಾನೇ ಪ್ರಮಾಣ ಮಾಡಿ ಸಹಿ ಹಾಕಿದೆ. ಯಾವ ಹೆಸರಿನಲ್ಲಿ ಸಹಿ ಹಾಕಬೇಕು ಅಂತ ಕೇಳಿದೆ. ಅವರು ತಲೆ ಎತ್ತಿ ನೋಡಿ, "ಮಾಮೂಲಿ ಹಾಕಮ್ಮ" ಅಂದರು. ಪಾಸ್‌ಪೋರ್ಟ್, ಡಿಗ್ರಿ ಪ್ರತಿಗಳಿಗೂ ಅಲ್ಲೇ ಸೀಲು ಹೊಡೆಸಿಕೊಂಡೆ.

ನನ್ನ ನಿಜವಾದ ವನವಾಸ ಕಾಲೇಜಿನಲ್ಲಿ. ಎಚ್‌ಸಿಪಿಸಿಗೆ ನಮ್ಮ ಡಿಗ್ರಿ ಸರ್ಟಿಫಿಕೇಟ್ ಮುಖ್ಯವಲ್ಲ. ಆ ಡಿಗ್ರಿಯೊಳಗೆ ಏನಿತ್ತು ಅನ್ನುವುದು ಬೇಕು. ಅದಕ್ಕೆ ಒಂದು ಫಾರಂ. ಅದನ್ನು ಕಾಲೇಜೇ ತುಂಬಬೇಕು. ಯಾವ ವಿಷಯ ಎಷ್ಟು ಗಂಟೆ ಕಲಿಸಿದ್ದೀರಿ, ಪರೀಕ್ಷೆ ಹೇಗೆ ಮಾಡಿದ್ದೀರಿ, ಪೇಷಂಟ್‌ಗಳ ಜೊತೆ ಎಷ್ಟು ಗಂಟೆ, ಯಾವ ಯಾವ ವಿಭಾಗದಲ್ಲಿ, ಯಾರ ಉಸ್ತುವಾರಿಯಲ್ಲಿ. ಜೊತೆಗೆ ನಾನು ಓದಿದ ವರ್ಷಗಳದೇ ಸಿಲಬಸ್. ಈಗಿನದು ಕೊಟ್ಟರೆ ಆಗುವುದಿಲ್ಲ.

ಮೊದಲ ಸಲ ಹೋದಾಗ ಆಫೀಸಿನ ಗುಮಾಸ್ತರು ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಯೂನಿವರ್ಸಿಟಿ ಕೆಲಸ." ಯೂನಿವರ್ಸಿಟಿಗೆ ಹೋದರೆ "ಇದು ಕಾಲೇಜಿನ ಕೆಲಸ, ನಾವು ಟ್ರಾನ್ಸ್‌ಕ್ರಿಪ್ಟ್ ಮಾತ್ರ ಕೊಡೋದು." ಎರಡನೇ ಸಲ ಕಾಲೇಜಿಗೆ ಹೋದಾಗ ಸಾಹೇಬರು ಮೀಟಿಂಗ್‌ನಲ್ಲಿದ್ದರು. ಮೂರನೇ ಸಲ ಹಳೇ ಸಿಲಬಸ್ ಪುಸ್ತಕ ಹುಡುಕಲು ಸ್ಟೋರ್ ರೂಮಿನ ಬೀಗ ತೆಗೆದರು. ನನ್ನ ಬ್ಯಾಚಿನ ಕಟ್ಟು ಸಿಕ್ಕಿತು. ಅರ್ಧ ಗೆದ್ದಲು ತಿಂದಿತ್ತು. ಗೆದ್ದಲಿಗೆ ಮೂರನೇ ವರ್ಷದ ಸೈಕಿಯಾಟ್ರಿ ಇಷ್ಟವಾಗಿತ್ತು ಅಂತ ಕಾಣುತ್ತೆ, ಅದೊಂದು ಪೂರ್ತಿ ಹೋಗಿತ್ತು. ಕೊನೆಗೆ ಉಳಿದ ಭಾಗ ಕೊಟ್ಟವಳು ನನ್ನ ಹಾಸ್ಟೆಲ್ ಗೆಳತಿ. ಅವಳು ಏನನ್ನೂ ಎಸೆಯುವವಳಲ್ಲ. ಆಗ ಅದಕ್ಕೆ ಎಷ್ಟು ನಕ್ಕಿದ್ದೆವು!

ಗಂಟೆಗಳ ಲೆಕ್ಕ ನಾನೇ ಹಾಕಬೇಕಾಯಿತು. ನಮ್ಮ ಕೋರ್ಸಿಗೆ ಜಾಗತಿಕ ಒಕ್ಕೂಟ ಇಟ್ಟಿರುವ ಅಳತೆ ಅಂದರೆ ಪೇಷಂಟ್‌ಗಳ ಜೊತೆ ಕಲಿಯುವ ಕೆಲಸ ಕಡಿಮೆಯೆಂದರೂ 1,000 ಗಂಟೆ. ಅಷ್ಟಾಗಿದೆ ಅಂತ ನನಗೆ ಗೊತ್ತು. ಆದರೆ ಗೊತ್ತಿದ್ದರೆ ಸಾಲದು. ನಮ್ಮದು ನಾಲ್ಕು ವರ್ಷ ಓದು, ಆಮೇಲೆ ಆರು ತಿಂಗಳು ಇಂಟರ್ನ್‌ಶಿಪ್. ಅಟ್ಟ ಹತ್ತಿ, ಅಕ್ಕಿ ಚೀಲದಲ್ಲಿ ಕಟ್ಟಿಟ್ಟಿದ್ದ ಲಾಗ್‌ಬುಕ್ ಇಳಿಸಿದೆ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ, ಇಪ್ಪತ್ತಾರು ವಾರ. 1,248. ರಜೆ, ಜ್ವರ, ತಂಗಿ ಮದುವೆ ಎಲ್ಲ ಕಳೆದರೂ ಸಾವಿರ ದಾಟುತ್ತದೆ. ಓದುವಾಗಿನ ಪೋಸ್ಟಿಂಗ್ ಇನ್ನೂ ಬೇರೆ. ಆ ಪಟ್ಟಿಯನ್ನು ವಿಭಾಗದ ಮುಖ್ಯಸ್ಥರ ಮುಂದೆ ಇಟ್ಟೆ. ಅವರು ಒಂದೊಂದೇ ಸಾಲು ಲಾಗ್‌ಬುಕ್ಕಿನ ಜೊತೆ ತಾಳೆ ನೋಡಿ, ಅದೇ ದಿನ ಫಾರಂ ತುಂಬಿ ಸಹಿ ಹಾಕಿದರು. "ಇದನ್ನ ಮೊದಲೇ ಕೇಳೋರು ಇದ್ದಿದ್ರೆ ನಾವೇ ಬರೆದಿಟ್ಕೊಳ್ತಿದ್ವಿ," ಅಂದರು. ಒಂದೂವರೆ ತಿಂಗಳ ಅಲೆದಾಟದಲ್ಲಿ ಕೇಳಿದ ಒಂದೇ ಸರಿಯಾದ ಮಾತು.

ಇಂಗ್ಲಿಷ್ ಪರೀಕ್ಷೆಯ ಕತೆ ಬೇಗ ಹೇಳಿ ಮುಗಿಸುತ್ತೇನೆ. ಐಇಎಲ್‌ಟಿಎಸ್ ಅಕಾಡೆಮಿಕ್, ಒಟ್ಟು 7, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಮೊದಲ ಸಲ ಬರವಣಿಗೆಯಲ್ಲಿ 6 ಬಂತು. ಕನ್ನಡ ಮೀಡಿಯಂ ಅಂತ ದೂರಿಕೊಂಡು ಕೂರಲಿಲ್ಲ. ವಿಷಯ ಬಿಟ್ಟು ಎಲ್ಲೆಲ್ಲೋ ಹೋಗಿದ್ದೆ, ಅಷ್ಟೇ. ಹದಿನೈದು ಸಾವಿರದ ಆಸುಪಾಸು ಮತ್ತೆ ಕಟ್ಟಿ ಎರಡನೇ ಸಲ ಬರೆದೆ. 6.5 ಬಂತು. ಇದರ ಮೇಲೆ ಎಚ್‌ಸಿಪಿಸಿಯ ಪರಿಶೀಲನೆ ಶುಲ್ಕ ಆಗ ನಮ್ಮ ದುಡ್ಡಿನಲ್ಲಿ ಅರ್ಧ ಲಕ್ಷದ ಹತ್ತಿರ ಇತ್ತು. ಅರ್ಜಿ ತಳ್ಳಿಹಾಕಿದರೂ ಅದು ವಾಪಸ್ ಬರುವುದಿಲ್ಲ. ಅಮ್ಮನಿಗೆ ಈ ಸಂಗತಿ ಹೇಳಲೇ ಇಲ್ಲ.

ಆಗಸ್ಟ್ ಕೊನೆಗೆ ಎಲ್ಲ ಕಳಿಸಿ ಸೆಪ್ಟೆಂಬರ್‌ನಲ್ಲಿ ಲೀಡ್ಸ್‌ಗೆ ಬಂದೆ. ಸುಮ್ಮನೆ ಮನೆಯಲ್ಲಿ ಕೂರಲು ಆಗದೆ ಒಂದು ಆಸ್ಪತ್ರೆಯಲ್ಲಿ ಥೆರಪಿ ಅಸಿಸ್ಟೆಂಟ್ ಕೆಲಸಕ್ಕೆ ಸೇರಿದೆ. ಅದಕ್ಕೆ ನೋಂದಣಿ ಬೇಡ. ಥೆರಪಿಸ್ಟ್ ಬರೆದಿಟ್ಟ ಪ್ಲಾನ್ ಪ್ರಕಾರ ಪೇಷಂಟ್‌ಗಳನ್ನು ಎಬ್ಬಿಸಿ, ಕೂರಿಸಿ, ಬಟ್ಟೆ ತೊಡುವ ಅಭ್ಯಾಸ ಮಾಡಿಸುವುದು. ಕೆಲಸ ಗೊತ್ತಿದ್ದದ್ದೇ. ಬಾಯಿಗೆ ಮಾತ್ರ ಬೀಗ.

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ಇದ್ದರು. ಬಗ್ಗದೆ ಕಾಲುಚೀಲ ಹಾಕಿಕೊಳ್ಳುವ ಉಪಾಯ ತೋರಿಸುತ್ತಿದ್ದೆ. ಮೂರನೇ ದಿನ ಅವರು ಕೇಳಿದರು, ನೀನೇ ಏನಮ್ಮ ಆಕ್ಯುಪೇಷನಲ್ ಥೆರಪಿಸ್ಟ್? ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಕಸುಬನ್ನು ಅದರ ಪೂರ್ತಿ ಹೆಸರಿನಿಂದ ಸರಿಯಾಗಿ ಕರೆದಿದ್ದರು. ನಾನು ಅಲ್ಲ, ಅಸಿಸ್ಟೆಂಟ್ ಅಂದೆ. ಊರಲ್ಲಿ ಹೌದು ಹೌದು ಅಂದರೂ ಯಾರೂ ನಂಬುತ್ತಿರಲಿಲ್ಲ. ಇಲ್ಲಿ ನಂಬಿದವರಿಗೆ ಅಲ್ಲ ಅನ್ನಬೇಕು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನಗುವೂ ಬಂತು, ಇನ್ನೊಂದೂ ಬಂತು.

ಡಿಸೆಂಬರ್‌ನಲ್ಲಿ ಎಚ್‌ಸಿಪಿಸಿಯಿಂದ ಮೇಲ್. ಸ್ವೀಕಾರವೂ ಅಲ್ಲ, ತಿರಸ್ಕಾರವೂ ಅಲ್ಲ. ಹೆಚ್ಚಿನ ಮಾಹಿತಿ ಬೇಕು. ನಮ್ಮದೇ ವೃತ್ತಿಯ ಪರಿಶೀಲಕರು ನನ್ನ ಓದು, ಅನುಭವವನ್ನು ಅವರ ಅಳತೆಪಟ್ಟಿಯ ಒಂದೊಂದೇ ಅಂಶದ ಜೊತೆ ಹೋಲಿಸಿದ್ದರು. ಕೆಲವು ಕಡೆ ಸಾಕ್ಷಿ ಸಾಲದು ಅಂದಿದ್ದರು. ಸ್ವಂತ ನಿರ್ಧಾರ ತೆಗೆದುಕೊಂಡು ಕೆಲಸ ಮಾಡಿದ್ದು ಎಲ್ಲಿ? ಒಂದು ಚಟುವಟಿಕೆಯನ್ನು ಹಂತ ಹಂತವಾಗಿ ಬಿಡಿಸಿ ನೋಡಿದ್ದು ಎಲ್ಲಿ? ಪೇಷಂಟ್‌ನ ಒಪ್ಪಿಗೆ ಹೇಗೆ ಪಡೆದಿರಿ?

ಮೊದಲು ಸಿಟ್ಟು ಬಂತು. ಆಮೇಲೆ ನಾನೇ ಬರೆದಿದ್ದನ್ನು ತೆಗೆದು ಓದಿದೆ. ಏಳು ವರ್ಷದ ಕೆಲಸವನ್ನು ಹೇಗೆ ಬರೆದಿದ್ದೆ ಗೊತ್ತಾ? "ಸ್ಟ್ರೋಕ್ ಪೇಷಂಟ್‌ಗಳಿಗೆ ಎಡಿಎಲ್ ತರಬೇತಿ." ಎಡಿಎಲ್ ಅಂದರೆ ದಿನನಿತ್ಯದ ಕೆಲಸಗಳು. ಮೂರಕ್ಷರದಲ್ಲಿ ಎಲ್ಲ ಮುಚ್ಚಿಹೋಗಿತ್ತು. ನಾವು ಕಲಿತದ್ದೇ ಹಾಗೆ. ಸರ್ಟಿಫಿಕೇಟ್ ಜೋಡಿಸುತ್ತೇವೆ, ಕೆಲಸ ಮಾಡುವಾಗ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಬರೆಯುವುದಿಲ್ಲ.

ಹಾಗಾಗಿ ಮುದ್ದೆಯ ಬಗ್ಗೆ ಬರೆದೆ.

ಮೈಸೂರಿನ ಆಸ್ಪತ್ರೆಗೆ ಮಂಡ್ಯ ಕಡೆಯ ಒಬ್ಬ ಅಜ್ಜ ಬಂದಿದ್ದರು. ಬಲಗಡೆ ಲಕ್ವ. ಕೈಗೆ ಸ್ವಲ್ಪ ಚಲನೆ ಬರತೊಡಗಿತ್ತು, ಹಿಡಿತ ಇಲ್ಲ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಕಲಿಸಲು ಹೋದೆ. "ಎಡಗೈಲಿ ಉಣ್ಣದಾ? ಅದ್ಕಿಂತ ಉಪಾಸ ಇರದೇ ವಾಸಿ ಕಣವ್ವ," ಅಂತ ಮುಖ ತಿರುಗಿಸಿದರು. ಹಿಡಿತಕ್ಕೆ ಅಂತ ಥೆರಪಿ ಪುಟ್ಟಿ ಕೊಟ್ಟೆ. ಅದು ಹಿಸುಕಲು ಕೊಡುವ ಬಣ್ಣದ ಮೆತ್ತನೆ ಉಂಡೆ. ಮಕ್ಕಳಾಟ ಅಂತ ಪಕ್ಕಕ್ಕಿಟ್ಟರು. ಮಾರನೇ ದಿನ ಅವರ ಹೆಂಡತಿ ಡಬ್ಬಿಯಲ್ಲಿ ಮುದ್ದೆ ತಂದಿದ್ದರು. ಅಜ್ಜನ ಬಲಗೈ ತಾನಾಗಿ ಅತ್ತ ಸರಿಯಿತು. ಅಷ್ಟು ನೋಡಿದ್ದು ಸಾಕಾಯಿತು.

ಇದನ್ನು ಮುದ್ದೆ ನೋಡೇ ಇಲ್ಲದ ಪರಿಶೀಲಕರಿಗೆ ಇಂಗ್ಲಿಷಿನಲ್ಲಿ ವಿವರಿಸಬೇಕು. ರಾಗಿ ಹಿಟ್ಟಿನ ಬಿಸಿ ಉಂಡೆ, ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದು ಅಂತ ಶುರು ಮಾಡಿದೆ. ನುಂಗುವುದು ಅಂದ ಕೂಡಲೇ ಅಪಾಯದ ಮಾತು ಬರುತ್ತದೆ. ಸ್ಟ್ರೋಕ್ ಆದವರಿಗೆ ಅನ್ನನಾಳದ ಬದಲು ಶ್ವಾಸನಾಳಕ್ಕೆ ಹೋಗಬಹುದು. ಆದ್ದರಿಂದ ಮೊದಲು ಸ್ಪೀಚ್ ಥೆರಪಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿದ್ದು, ಅವರು ಸರಿ ಅನ್ನುವ ತನಕ ಮುದ್ದೆ ಬರೀ ಕೈಗೆ, ಬಾಯಿಗಲ್ಲ ಅಂತ ನಿಲ್ಲಿಸಿದ್ದು ಬರೆದೆ. ಮುದ್ದೆ ಮುರಿಯಲು ಹೆಬ್ಬೆರಳು ಮತ್ತೆರಡು ಬೆರಳು ಒಟ್ಟಿಗೆ ಒತ್ತಬೇಕು. ಮಣಿಕಟ್ಟು ಗಟ್ಟಿ ನಿಲ್ಲಬೇಕು. ಮೊಣಕೈ ಮಡಚಿ ಬಾಯಿಗೆ ಬರಬೇಕು. ನೆಲದ ಮೇಲೆ ಕೂತರೆ ಅಜ್ಜನ ಮೈ ವಾಲುತ್ತಿತ್ತು. ಕುರ್ಚಿ, ಮೇಜು, ಮೊಣಕೈಗೆ ಆಸರೆ ಕೊಟ್ಟೆ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಅಂಚು ಎತ್ತರ ಇರುವ ತಟ್ಟೆ. ಮೊದಲ ವಾರ ನೀರು ಜಾಸ್ತಿ ಹಾಕಿದ ಮೆತ್ತನೆ ಮುದ್ದೆ, ಆಮೇಲೆ ಗಟ್ಟಿ. ಮುದ್ದೆ ಎಷ್ಟು ಗಟ್ಟಿ ಇರಬೇಕು ಅಂತ ಅಜ್ಜಿಗೆ ನಾನು ಹೇಳಿಕೊಟ್ಟೆ ಅನ್ನುವುದು ಅವರಿಗೆ ಕೊನೆವರೆಗೂ ಅವಮಾನವಾಗೇ ಉಳಿಯಿತು. ಅದನ್ನು ಅರ್ಜಿಯಲ್ಲಿ ಬರೆಯಲಿಲ್ಲ.

ಒಪ್ಪಿಗೆಯ ಪ್ರಶ್ನೆಗೆ ಉತ್ತರ ಕಷ್ಟವಾಯಿತು. ಅಜ್ಜನ ಪರವಾಗಿ ಸಹಿ ಹಾಕಿದ್ದು ಮಗ. ಅಜ್ಜನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾತು ಚೆನ್ನಾಗಿ ಬರುತ್ತಿದ್ದ, ಬುದ್ಧಿ ಚುರುಕಾಗಿದ್ದ ಮನುಷ್ಯ. ನಮ್ಮಲ್ಲಿ ಮಗ ಹೂಂ ಅಂದರೆ ಮುಗೀತು, ಅಲ್ವಾ? ಅದನ್ನು ಇದ್ದಂಗೇ ಬರೆದೆ. ಎಡಗೈ ಬೇಡ ಅಂದದ್ದೇ ಅವರು ಕೊಟ್ಟ ಉತ್ತರ, ನಾನು ಅದನ್ನು ಹಟ ಅಂದುಕೊಂಡೆ, ಈಗಾದರೆ ಮೊದಲ ದಿನವೇ ಅವರನ್ನು ಕೇಳುತ್ತೇನೆ ಅಂತ ಬರೆದೆ. ಕಳಿಸುವಾಗ ಕೈ ನಡುಗಿತು. ತಪ್ಪು ಒಪ್ಪಿಕೊಂಡರೆ ಲೈಸೆನ್ಸ್ ಕೊಡುತ್ತಾರಾ ಅಂತ ಗಂಡನೂ ಕೇಳಿದರು.

2023ರ ಫೆಬ್ರವರಿಯಲ್ಲಿ ನೋಂದಣಿಯಾಯಿತು. ಓಟಿ ಅಂತ ಶುರುವಾಗುವ ನಂಬರು ಬಂತು. ಅವರ ಪಟ್ಟಿ ಯಾರು ಬೇಕಾದರೂ ನೋಡುವ ಹಾಗೆ ಇದೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. "ಅಲ್ವೇ, ಇಂಗ್ಲೆಂಡಿನವರ ಲಿಸ್ಟಲ್ಲಿ ಹೊಳೆನರಸೀಪುರ ಯಾಕಿದೆ?"

ನಂಬರು ಸಿಕ್ಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬೇರೆಯವರು ತಪ್ಪು ತಿಳಿಯದಿರಲಿ ಅಂತ ಹೇಳುತ್ತೇನೆ. ಅಲ್ಲಿ ನವೀಕರಣ ಎರಡು ವರ್ಷಕ್ಕೊಮ್ಮೆ, ಆದರೆ ನಿಮ್ಮ ದಿನದಿಂದ ಎಣಿಸುವುದಿಲ್ಲ. ಇಡೀ ವೃತ್ತಿಗೆ ಒಂದೇ ತಾರೀಕು. ನಮ್ಮದು ಬೆಸ ವರ್ಷಗಳ ಅಕ್ಟೋಬರ್ 31. ಹಾಗಾಗಿ ಎಂಟೇ ತಿಂಗಳಿಗೆ ನನ್ನ ಮೊದಲ ರಿನ್ಯೂವಲ್ ಬಂತು. ಪ್ರತಿ ಸಲ ನೂರಕ್ಕೆ ಎರಡೂವರೆ ಜನರನ್ನು ಆರಿಸಿ, ಈ ಎರಡು ವರ್ಷ ಹೊಸದಾಗಿ ಏನು ಕಲಿತಿರಿ ತೋರಿಸಿ ಅನ್ನುತ್ತಾರೆ. ಹೊಸಬರನ್ನು ಬಿಡುತ್ತಾರೆ. ನಾನು ಆದರೂ ಡೈರಿ ಬರೆದಿಡುತ್ತೇನೆ. ಅಟ್ಟದ ಮೇಲಿನ ಅಕ್ಕಿ ಚೀಲ ಎಲ್ಲ ಸಲ ಕಾಪಾಡುವುದಿಲ್ಲ.

ಮೊನ್ನೆ ಬೆಂಗಳೂರಿನಿಂದ ಒಬ್ಬ ಜೂನಿಯರ್ ಹುಡುಗಿ ಫೋನ್ ಮಾಡಿದ್ದಳು. ಕರ್ನಾಟಕದಲ್ಲೂ ಈಗ ನಮ್ಮಂಥ ವೃತ್ತಿಗಳಿಗೆ ರಾಜ್ಯ ಅಲೈಡ್ ಅಂಡ್ ಹೆಲ್ತ್‌ಕೇರ್ ಕೌನ್ಸಿಲ್ ಬಂದಿದೆ. ಅವಳಿಗೆ ಆ ಪ್ರಶ್ನೆಯ ಹತ್ತಿರ ಕರ್ಸರ್ ಬಿಟ್ಟು ಕಾಫಿ ಮಾಡಲು ಏಳುವ ಕೆಲಸ ಇರುವುದಿಲ್ಲ ಅಂದುಕೊಂಡೆ. "ಕೌನ್ಸಿಲ್ ವಿಷಯ ನಾನು ನೋಡ್ಕೋತೀನಿ ಅಕ್ಕಾ," ಅಂದಳು. "ಹೆಸರಿಗೆ ಏನ್ ಮಾಡಿದ್ರಿ ಹೇಳಿ. ನಂದು ಮೂರು ಇನಿಷಿಯಲ್." ಅವಳದೂ ಹಾಸನ ಕಡೆಯೇ. ಕೋರ್ಟ್ ಹತ್ತಿರದ ಆ ಮರದ ಲೊಕೇಶನ್ ಕಳಿಸಿದೆ.